ಸಾಲುಮರದ ನೆರಳು

ಬೇಸಗೆಯ ನಡುಹಗಲಿನಲ್ಲಿ ತುಮಕೂರಿನ ಬಿ.ಎಚ್. ರಸ್ತೆಯನ್ನು ನಡೆದು ಬಂದವರು ಅಮಾನಿಕೆರೆಯ ಬಳಿಯ ಮರದಡಿ ನಿಂತಾಗ ಜೀವ ಬಂದಂತಾಗುತ್ತದೆ. ಊರು ಒಂದೇ, ಸೂರ್ಯನೂ ಒಬ್ಬನೇ. ಆದರೂ ತಾಪವು ಬೀದಿಯಿಂದ ಬೀದಿಗೆ ಬೇರೆ. ಪಟ್ಟಣದ ಗಾಳಿ ಸುತ್ತಲಿನ ಹಳ್ಳಿಗಾಡಿಗಿಂತ ಬೆಚ್ಚಗಿರುವುದನ್ನು, ಅದರಲ್ಲಿಯೂ ರಾತ್ರಿಯ ವೇಳೆ, ಲಂಡನ್ನಿನ ಲ್ಯೂಕ್ ಹೋವರ್ಡನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಅಳೆದು ತೋರಿಸಿದ್ದನು.

ಕಾರಣ ಗಹನವಾದುದೇನಲ್ಲ. ಕಾಂಕ್ರೀಟು, ಡಾಂಬರುಗಳು ಹಗಲೆಲ್ಲ ಬಿಸಿಲನ್ನು ಕುಡಿದು ಇರುಳಿನಲ್ಲಿ ಮೆಲ್ಲನೆ ಹೊರಸೂಸುತ್ತವೆ. ಬೀದಿಯ ಇಕ್ಕೆಲಗಳಲ್ಲಿ ಎತ್ತರದ ಕಟ್ಟಡಗಳಿದ್ದರಂತೂ ಆ ಶಾಖವು ಆಕಾಶದ ದಾರಿ ಕಾಣದೆ ಗೋಡೆಯಿಂದ ಗೋಡೆಗೆ ಸುಳಿಯುತ್ತದೆ. ತಾರಸಿ ಮನೆಯವರಿಗೆ ನಡುರಾತ್ರಿಯಾದರೂ ನಿದ್ರೆ ಹತ್ತದಿರುವುದು ಇದರಿಂದಲೇ. ಮರವಾದರೋ ಬಿಸಿಲನ್ನು ತಡೆಯುವುದಲ್ಲದೆ, ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿಸಿ ಸುತ್ತಣ ಗಾಳಿಯ ಶಾಖವನ್ನೂ ಸೆಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವ ಗುಟ್ಟೂ ಇದೇ ತಾನೆ!

ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಮರಗಳಿದ್ದೆಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪು. ರಸ್ತೆಯ ಮೈ 27.5 ಡಿಗ್ರಿಯವರೆಗೆ. ಮನೆಯಲ್ಲಿ ಫ್ಯಾನು ತಿರುಗುವವರಿಗೆ ಇದು ಬರಿಯ ಅಂಕಿ. ಬೀದಿಬದಿಯಲ್ಲಿ ಕುಳಿತು ಹೂ ಮಾರುವ ಹೆಂಗಸಿಗೆ ಇದು ದಿನದ ಪ್ರಾಣ.

ಈ ಮಾತನ್ನು ಪುಸ್ತಕ ಓದದೆ ಅರಿತವರು ಗುಬ್ಬಿಯ ಸೀಮೆಯಲ್ಲಿಯೇ ಹುಟ್ಟಿದರು. ಕುಣಿಗಲ್ಲಿಗೆ ನೆರೆಯಾದ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು, ಪತಿ ಚಿಕ್ಕಯ್ಯನವರೊಡನೆ ಕೊಡಗಳಲ್ಲಿ ನೀರು ಹೊತ್ತು, ಹುಲಿಕಲ್-ಕುದೂರು ದಾರಿಯಲ್ಲಿ 385 ಆಲದ ಮರಗಳನ್ನು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆ ಅಗಲೀಕರಣದ ಯೋಜನೆಯೊಂದು ಆ ಮರಗಳ ಬುಡಕ್ಕೇ ಬಂದಿತು! ಆ ವೃದ್ಧೆ ಮುಖ್ಯಮಂತ್ರಿಗಳಲ್ಲಿಗೆ ಹೋಗಿ ಮರಗಳನ್ನು ಉಳಿಸಿಕೊಡಿರೆಂದು ಬೇಡಬೇಕಾಯಿತು; ಬೇರೆ ದಾರಿ ನೋಡುವ ಭರವಸೆ ದೊರೆಯಿತು.

ಕುಣಿಗಲ್ಲಿನಲ್ಲಿಯೂ ಇಂತಹುದೇ ಪ್ರಶ್ನೆ ಎದ್ದಿದೆ. ಟಿಪ್ಪುವಿನ ಕಾಲದಿಂದ ಕುದುರೆಗಳಿಗಾಗಿ ಉಳಿದುಬಂದ 400 ಎಕರೆಗೂ ಮಿಕ್ಕ ಹುಲ್ಲುಗಾವಲು, ಮರಗಳ ನೆಲದಲ್ಲಿ ಬಡಾವಣೆ ಕಟ್ಟುವ ಮಾತು ಬಂದಾಗ ಊರವರು ವಿರೋಧಿಸಿದರು.

ಕಡಿದ ಮರಕ್ಕೆ ಬದಲಾಗಿ ಹತ್ತು ಸಸಿ ನೆಡುವೆವೆಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಲೆಕ್ಕ ಸರಿಯೇ. ಆದರೆ ಸಸಿಯ ನೆರಳು ಅದರ ಬೇಲಿಯನ್ನು ದಾಟಲು ವರ್ಷಗಳೇ ಬೇಕು. ಹೂ ಮಾರುವವಳು ಕುಳಿತುಕೊಳ್ಳಬೇಕಾದುದು ನಾಳೆಯ ಮಧ್ಯಾಹ್ನ.