ಮುಳ್ಳು ಹೇಳಿದ ಸುಳ್ಳು

ಇತ್ತ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಆಫೀಸು, ರಿಲೀಸು ಅಂತ ನೆಪ ಹೇಳಬಹುದು. ನಿಜ ಏನಂದ್ರೆ, ಇದನ್ನ ಬರೆಯೋಕೆ ನಾಚಿಕೆ ಆಗ್ತಿತ್ತು.

ಮಳವಳ್ಳಿಯ ನಮ್ಮ ದೊಡ್ಡಪ್ಪನ ಹತ್ರ ಒಂದು ಮಿಲಿಟರಿ ಜೀಪಿದೆ. ಎರಡನೇ ಮಹಾಯುದ್ಧಕ್ಕೆ ಅಂತ ಅಮೆರಿಕದಲ್ಲಿ 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ. ಮೂಲದಲ್ಲಿ ಪೆಟ್ರೋಲ್ ಗಾಡಿ, 6 ವೋಲ್ಟ್ ಬ್ಯಾಟರಿ. ನಮ್ಮ ಮನೆಗೆ ಬರೋ ಹೊತ್ತಿಗೆ ಯಾರೋ ಡೀಸೆಲ್ ಇಂಜಿನ್ ಕೂರಿಸಿ 12 ವೋಲ್ಟ್ ಮಾಡಿದ್ರು. ಮೀಟರುಗಳೆಲ್ಲ ಸತ್ತಿದ್ವು. ಟ್ಯಾಂಕ್ ಇರೋದು ಡ್ರೈವರ್ ಸೀಟಿನ ಕೆಳಗೆ. ದೊಡ್ಡಪ್ಪ ಸೀಟೆತ್ತಿ, ಬಿದಿರು ಕಡ್ಡಿ ಅದ್ದಿ ಡೀಸೆಲ್ ಎಷ್ಟಿದೆ ಅಂತ ನೋಡೋರು.

ಇಂಜಿನಿಯರ್ ಮಗ ಸುಮ್ನಿರ್ತಾನಾ? ಬೆಂಗಳೂರಿನ ಜೆ.ಸಿ. ರಸ್ತೆಯಿಂದ 12 ವೋಲ್ಟಿನ ಫ್ಯೂಯಲ್ ಮೀಟರ್ ತಂದು ಹಾಕಿದೆ. ಟ್ಯಾಂಕ್ ತುಂಬಿಸಿದ್ವಿ. ಮುಳ್ಳು ಫುಲ್‌ಗೆ ಹೋಯ್ತು. "ಇನ್ನು ಕಡ್ಡಿ ಎಸೀರಿ ದೊಡ್ಡಪ್ಪ" ಅಂದೆ.

ಎರಡು ವಾರದ ಮೇಲೆ ಒಂದು ರಾತ್ರಿ ಅಜ್ಜಿಗೆ ಉಸಿರಾಟದ ತೊಂದರೆ. ಮಂಡ್ಯಕ್ಕೆ ಹೊರಟ ಜೀಪು ದಾರಿ ಮಧ್ಯೆ ಕೆಮ್ಮಿ ನಿಂತಿತು. ಮುಳ್ಳು ಮಾತ್ರ ಫುಲ್! ಡೀಸೆಲ್ ಗಾಡಿ ಖಾಲಿಯಾದ್ರೆ ಡೀಸೆಲ್ ಹಾಕಿದ್ರೆ ಸಾಲದು, ಪೈಪಿನಲ್ಲಿ ಸೇರಿದ ಗಾಳಿಯನ್ನೂ ತೆಗೀಬೇಕು. ಪುಣ್ಯಕ್ಕೆ ಒಂದು ಆಟೋ ಸಿಕ್ತು. ಅಜ್ಜಿ ಹುಷಾರಾದ್ರು.

ಮನೆಯವರೆಲ್ಲ ದೊಡ್ಡಪ್ಪನನ್ನೇ ಬೈದ್ರು, ಡೀಸೆಲ್ ನೋಡ್ಕೊಳ್ಳೋಕಾಗಲ್ವಾ ಅಂತ. ಅವರು ತುಟಿ ಪಿಟಕ್ ಅನ್ನಲಿಲ್ಲ. ನಾನೂ.

ಭಾನುವಾರ ಮಲ್ಟಿಮೀಟರ್ ಹಿಡಿದು ಕೂತೆ. ಟ್ಯಾಂಕಿನೊಳಗಿನ ತೇಲುಬುರುಡೆಯ ಯೂನಿಟ್ ಹಳೇದೇ. ಬುರುಡೆ ಕೆಳಗಿದ್ರೆ 1 ಓಂ, ಮೇಲೆತ್ತಿದ್ರೆ 30 ಓಂ. ನಾನು ತಂದ ಮೀಟರ್ ಡಬ್ಬದ ಮೇಲೆ 240–33 ಅಂತಿತ್ತು. ಅಂದ್ರೆ 240 ಓಂ ಬಂದ್ರೆ ಖಾಲಿ, 33 ಬಂದ್ರೆ ಫುಲ್. ನಮ್ಮ ಯೂನಿಟ್ ಏನೇ ಹೇಳಿದ್ರೂ 33ಕ್ಕಿಂತ ಕಮ್ಮಿ. ಖಾಲಿಯಾದಷ್ಟೂ ಮೀಟರಿಗೆ ಇನ್ನೂ ಫುಲ್! ವೋಲ್ಟು ನೋಡಿದ್ದ ನಾನು ಓಂ ನೋಡಿರಲಿಲ್ಲ. ಐದು ನಿಮಿಷದ ಕೆಲಸ.

ಜಗಲಿ ಮೇಲೆ ಎಲ್ಲರೂ ಇದ್ದಾಗಲೇ ಹೇಳಿದೆ, "ತಪ್ಪು ನಂದು ದೊಡ್ಡಪ್ಪ."

ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಓದ್ದೋನು ಯೋಳ್ದ ಅಂತ ನಂಬ್ದೆ ಕಣ್ಲಾ. ಓಗ್ಲಿ ಬುಡು, ಸರಿ ಮಾಡು" ಅಂದ್ರು.

240–33ರದ್ದೇ ಯೂನಿಟ್ ತಂದೆ. ಟ್ಯಾಂಕಿನ ಆಳಕ್ಕೆ ತಕ್ಕಂತೆ ಅದರ ಕಡ್ಡಿ ಬಗ್ಗಿಸಿದೆ, ಬಣ್ಣ ಕೆರೆದು ಬಾಡಿಗೆ ಅರ್ಥ್ ಕೊಟ್ಟೆ. ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಸುರಿದು, ಪ್ರತಿ ಸಲ ಮುಳ್ಳು ನೋಡಿ ಬಿದಿರು ಕಡ್ಡಿ ಅದ್ದಿದ್ವಿ. ಎರಡೂ ಒಂದೇ ಮಾತು ಹೇಳಿದ್ವು.

ಆದ್ರೂ ದೊಡ್ಡಪ್ಪ ಈಗಲೂ ಸೀಟೆತ್ತಿ ಕಡ್ಡಿ ಅದ್ದುತ್ತಾರೆ. ನಾನು ಏನೂ ಅನ್ನಲ್ಲ :)