ಕ್ರೋಶಾ ಶಾಲಿನ ಲೆಕ್ಕ

ನಮ್ಮ ಕಡೆಯ ಮನೆಗಳಲ್ಲಿ ಬಹುಕಾಲದವರೆಗೆ ಕ್ರೋಶಾ ಹೆಣಿಗೆಯನ್ನು ತೊಟ್ಟದ್ದು ಮನುಷ್ಯರಲ್ಲ, ಸಾಮಾನುಗಳು. ರೇಡಿಯೋಕ್ಕೆ ಒಂದು ಮುಸುಕು, ಟಿ.ವಿ. ಬಂದ ಮೇಲೆ ಅದಕ್ಕೂ ಒಂದು, ಟೀಪಾಯಿಗೆ ಹಾಸು, ಬಾಗಿಲಿಗೆ ತೋರಣ, ನೀರಿನ ಹೂಜಿಗೆ ಸುತ್ತಲೂ ಮಣಿ ಕಟ್ಟಿದ ಮುಚ್ಚಳ. ಕುಂಬಳೆ ಸೀಮೆಯ ನಮ್ಮ ಮನೆಯಲ್ಲಿ ಕುರ್ಚಿಗಳ ಬೆನ್ನಿಗೂ ಒಂದೊಂದು ಇತ್ತು. ನೆಂಟರ ತಲೆಯ ತೆಂಗಿನೆಣ್ಣೆ ಮರಕ್ಕೆ ತಾಗಬಾರದೆಂಬುದು ಅದರ ಉದ್ದೇಶ. ಇಷ್ಟನ್ನೂ ಹೆಣೆದವರು ನನ್ನ ಅತ್ತೆ. ನಮ್ಮ ರೇಡಿಯೋಕ್ಕೆ ಒಂದು ದಿನವೂ ಚಳಿಯಾದದ್ದಿಲ್ಲ. ಅತ್ತೆ ಮಾತ್ರ ಧನುಮಾಸದ ಬೆಳಗ್ಗೆ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಹೊದ್ದುಕೊಂಡು ಹಟ್ಟಿಗೆ ಹೋಗುತ್ತಿದ್ದರು.

ಅವರು ಕ್ರೋಶಾ ಕಲಿತದ್ದು 1950ರ ದಶಕದಲ್ಲಿ, ಶಾಲೆಯ ಹೊಲಿಗೆ ಟೀಚರಿಂದ. ಮಧ್ಯಾಹ್ನದ ಪಾತ್ರೆ ತೊಳೆದು ಮುಗಿದ ಮೇಲೆ, ಸಂಜೆಯ ಕಾಫಿಗೆ ನೀರಿಡುವವರೆಗೆ, ಎರಡು ಗಂಟೆ ಹೊತ್ತು ಜಗಲಿಯ ಮೂಲೆಯಲ್ಲಿ ಅವರ ಬೆರಳುಗಳು ಆಡುತ್ತಿದ್ದವು. ಯಾರಾದರೂ ಹೊಗಳಿದರೆ, "ಹೊತ್ತು ಹೋಗ್ಲಿಕ್ಕೆ ಎಂತಾದ್ರೂ ಬೇಕಲ್ಲ" ಎನ್ನುತ್ತಿದ್ದರು. ಮನೆಯವರೂ ಹಾಗೆಯೇ ತಿಳಿದಿದ್ದರು. ನಸುಕಿನ ನಾಲ್ಕೂವರೆಗೆ ಎದ್ದು ರಾತ್ರಿ ಹತ್ತರವರೆಗೆ ದುಡಿಯುವ ಹೆಂಗಸಿಗೆ ಕಳೆಯಲು ಹೊತ್ತೆಲ್ಲಿತ್ತು ಎಂದು ಯಾರೂ ಕೇಳಲಿಲ್ಲ.

ಮದುವೆಯಾಗಿ ಬಂದ ನನಗೂ ಅವರೇ ಕಲಿಸಿದರು. ಅವರ ಪಾಠದಲ್ಲಿದ್ದದ್ದು ಎರಡೇ ಮುಖ್ಯ ಶಬ್ದ: ಸರಪಳಿ ಮತ್ತು ಕಂಬ. ನೂಲನ್ನು ಕೊಕ್ಕೆಯಿಂದ ಕುಣಿಕೆಯೊಳಗೆ ಎಳೆದರೆ ಸರಪಳಿಯ ಒಂದು ಕೊಂಡಿ. ನೂಲನ್ನು ಒಮ್ಮೆ ಕೊಕ್ಕೆಗೆ ಸುತ್ತಿ, ಕೆಳಗಿನ ಸಾಲಿನ ತೂತಿಗೆ ಹಾಕಿ ಮೇಲೆಳೆದು, ಎರಡೆರಡು ಕುಣಿಕೆಯಾಗಿ ಬಿಡಿಸಿದರೆ ಒಂದು ಕಂಬ. ಒಂದೇ ತೂತಿನಲ್ಲಿ ಐದು ಕಂಬ ಹಾಕಿದರೆ ಬೀಸಣಿಗೆಯಂತೆ ಅರಳಿ ಚಿಪ್ಪು ಆಗುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ನಿಂತಿರುತ್ತವೆ. ಕಡ್ಡಿ ಜಾರಿದರೆ ಕೆಲಸ ಕೆಟ್ಟಿತು. ಕ್ರೋಶಾದಲ್ಲಿ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಹಾಲು ಉಕ್ಕಿತೋ, ದನ ಕೂಗಿತೋ, ಆ ಕುಣಿಕೆಗೊಂದು ಸೇಫ್ಟಿ ಪಿನ್ನು ಸಿಕ್ಕಿಸಿ ಎದ್ದರಾಯಿತು. ಸಂಸಾರಸ್ಥೆಯರ ಕೈಗೆ ಈ ಕೆಲಸ ಅಂಟಿಕೊಂಡದ್ದು ಇದರಿಂದಲೇ ಇರಬೇಕು.

ಫ್ರೆಂಚಿನಲ್ಲಿ ಕ್ರೋಶೆ ಎಂದರೆ ಚಿಕ್ಕ ಕೊಕ್ಕೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಕ್ಷಾಮ ಬಂದಾಗ, ಅಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರು ಹೆಣೆದ ಕ್ರೋಶಾ ಲೇಸಿನಿಂದ. 1900ರಲ್ಲಿ ವಿಕ್ಟೋರಿಯಾ ರಾಣಿ ದಕ್ಷಿಣ ಆಫ್ರಿಕದ ಯುದ್ಧದಲ್ಲಿದ್ದ ಸೈನಿಕರಿಗೆಂದು ತಾನೇ ಎಂಟು ಕೊರಳುವಸ್ತ್ರಗಳನ್ನು ಹೆಣೆದಳು. ಹಸಿದವಳ ಕೈಗೂ ರಾಣಿಯ ಕೈಗೂ ಕೊಕ್ಕೆ ಒಂದೇ. ಆದರೆ ಚರಿತ್ರೆಯಲ್ಲಿ ಲೆಕ್ಕ ಉಳಿದದ್ದು ಆ ಎಂಟಕ್ಕೆ.

2018ರಲ್ಲಿ ನನಗೆ ವಯನಾಡಿಗೆ ವರ್ಗವಾಯಿತು, ಮಾನಂದವಾಡಿಯ ಹತ್ತಿರದ ಒಂದು ಶಾಖೆಗೆ. ನೆಡುಂಪೊಯಿಲ್ ಘಾಟಿ ಹತ್ತಿದ ಮೇಲೆ ಬಸ್ಸಿನ ಕಿಟಕಿಯ ಗಾಳಿಯೇ ಬೇರೆ. ಚಳಿ ಎಂದರೆ ರಾತ್ರಿಯಿಡೀ ಬಯಲಾಟ ನೋಡಿ ಬೆಳಗಿನ ಜಾವ ಸೆರಗು ಹೊದೆಯುವಷ್ಟೇ ಎಂದು ತಿಳಿದಿದ್ದ ಕರಾವಳಿಯವಳು ನಾನು. ಅತ್ತೆ ಫೋನಿನಲ್ಲಿ, "ಅಲ್ಲಿ ಚಳಿ ಜೋರುಂಟಂತೆ. ನಿನಗೊಂದು ಶಾಲು ಮಾಡ್ತೇನೆ. ಬಣ್ಣ ಯಾವುದಾಗ್ಬೇಕು?" ಎಂದು ಕೇಳಿದರು. ಮೊಮ್ಮಕ್ಕಳ ಟೊಪ್ಪಿಗಳನ್ನು ಬಿಟ್ಟರೆ, ಮನುಷ್ಯರಿಗೆಂದು ಅವರು ಹೆಣೆಯಹೊರಟ ಮೊದಲ ವಸ್ತ್ರ ಅದು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಹಿಂಗಾರದ ಬಣ್ಣದ, ಮೂರು ಮೂಲೆಯ ಶಾಲು. ಕುತ್ತಿಗೆಯ ಹಿಂಬದಿಗೆ ಬರುವ ಚಿಕ್ಕ ಉಂಗುರದಿಂದ ತೊಡಗಿ, ಎರಡು ತುದಿಗಳಲ್ಲೂ ನಡುವಿನ ಬೆನ್ನುಗೆರೆಯಲ್ಲೂ ಕಂಬ ಹೆಚ್ಚಿಸುತ್ತ ಕೆಳಗಿಳಿಯುವುದು. ಸಂಸಾರದ ಖರ್ಚಿನಂತೆ ಪ್ರತಿ ಸಾಲೂ ಹಿಂದಿನದಕ್ಕಿಂತ ದೊಡ್ಡದು. ನಾಲ್ಕೆಳೆಯ ನೂಲು, ನಾಲ್ಕು ಮಿಲ್ಲಿಮೀಟರಿನ ಕೊಕ್ಕೆ, ಒಟ್ಟು ತೂಕ 300 ಗ್ರಾಂ. ಕಿಂಡಿ ಕಿಂಡಿಯ ಈ ಶಾಲು ಬೆಚ್ಚಗಿಟ್ಟೀತೇ ಎಂದು ಕೇಳುವವರಿದ್ದಾರೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಕಾವನ್ನು ಹಿಡಿದಿಡುವುದು. ಜೋರಾಗಿ ಗಾಳಿ ಬೀಸಿದರೆ ಅದೇ ಕಿಂಡಿಗಳಿಂದ ಚಳಿ ನುಗ್ಗುವುದೂ ಉಂಟು, ಸುಳ್ಳು ಹೇಳಬಾರದು. ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು ಇರುವ ಊರಿಗೆ ಮಾತ್ರ ಇದು ಹೇಳಿ ಮಾಡಿಸಿದ ಹೊದಿಕೆ. ನವೆಂಬರಿನಲ್ಲಿ ಅತ್ತೆ ಅದನ್ನು ಅಂಚು ಹಾಕದೆಯೇ ಕೊಟ್ಟರು. "ಈಗ ಹೊದ್ಕೋ. ಬೇಸಗೆಯಲ್ಲಿ ತಾ, ಚಿಪ್ಪಿನ ಅಂಚು ಹಾಕಿ ಕೊಡ್ತೇನೆ."

ಶಾಖೆಗೆ ಕುಟುಂಬಶ್ರೀ ಅಯಲ್‌ಕೂಟದ ಉಳಿತಾಯ ಕಟ್ಟಲು ಬರುತ್ತಿದ್ದ ಒಬ್ಬ ಚೇಚಿ ಒಂದು ಬೆಳಗ್ಗೆ ಕೌಂಟರಿನ ಆಚೆಯಿಂದಲೇ ಕೈ ಚಾಚಿ ಶಾಲನ್ನು ತಿರುವಿ ನೋಡಿದರು. "ಇದಿನ್ ಎತ್ರ ದಿವಸಂ ಎಡುತ್ತು ಮೇಡಂ?" ಎಷ್ಟು ರೂಪಾಯಿ ಎಂದು ಕೇಳಿದವರು ಹಲವರಿದ್ದರು, ಎಷ್ಟು ದಿನ ಹಿಡಿಯಿತು ಎಂದು ಕೇಳಿದವರು ಅವರೊಬ್ಬರೇ. ಮುಂದಿನ ಆದಿತ್ಯವಾರದಿಂದ ಅವರ ಮನೆಯ ವರಾಂಡದಲ್ಲಿ ನಾನು ಟೀಚರಾದೆ. ಕೊಕ್ಕೆ ಕೊಳುತ್ತ್ ಆಯಿತು, ಸರಪಳಿ ಚಙ್ಙಲ ಆಯಿತು, ಕಂಬ ತೂಣ್ ಆಯಿತು. ಅತ್ತೆಯ ಪಾಠ ಭಾಷೆಯ ಗಡಿ ದಾಟುವಾಗ ಒಂದು ಕಂಬವೂ ಬೀಳಲಿಲ್ಲ.

ಮೂರು ತಿಂಗಳಲ್ಲಿ ಆರು ಮಂದಿಯ ಕೈ ಕುದುರಿತು. ಆಗ ಪ್ರವಾಸಿಗಳ ಅಂಗಡಿಗಳಿಗೆ ಸಾಮಾನು ಒದಗಿಸುವ ಒಬ್ಬ ವ್ಯಾಪಾರಿ ಬಂದ. ನೂಲು ಅವನದು, ಹೆಣೆದು ಕೊಟ್ಟರೆ ಶಾಲೊಂದಕ್ಕೆ 150 ರೂಪಾಯಿ. "ಹೇಗೂ ಬಿಡುವಿನಲ್ಲಿ ಮಾಡುವುದಲ್ಲವೇ" ಎಂದನಂತೆ. ಚೇಚಿ ಆ ಮಾತನ್ನು ನನಗೆ ತಿಳಿಸಿ, ಲೆಕ್ಕ ನೋಡಲು ಹೇಳಿದರು. ಲೆಕ್ಕವೇ ನನ್ನ ಅನ್ನ. ಚೀಟಿಯ ಹಿಂಬದಿಯಲ್ಲಿ ಬರೆದೆ. ಒಂದು ಶಾಲಿಗೆ 40 ಗಂಟೆ. 150 ರೂಪಾಯಿಯೆಂದರೆ ಗಂಟೆಗೆ 3 ರೂಪಾಯಿ 75 ಪೈಸೆ. ಆ ವರ್ಷ ಕೇರಳದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 271 ರೂಪಾಯಿ. ದಿನಕ್ಕೆ ಎಂಟು ಗಂಟೆ ಹಿಡಿದರೆ 40 ಗಂಟೆಗೆ ಐದು ದಿನ, ಅಂದರೆ 1,355 ರೂಪಾಯಿ. ನೂಲು ನಮ್ಮದೇ ಆದರೆ ಅದಕ್ಕೆ 360. ಒಟ್ಟು 1,715. ಪೇಟೆಯಲ್ಲಿ ಯಂತ್ರದ ಶಾಲು 400ಕ್ಕೆ ಸಿಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಓದುಗರು ಗಮನಿಸಬೇಕು. ಕಡ್ಡಿಯ ಹೆಣಿಗೆಗೆ ಯಂತ್ರಗಳಿವೆ. ಕೈಯ ಕ್ರೋಶಾವನ್ನು ಇದ್ದ ಹಾಗೆಯೇ ಮಾಡಿ ಗಿರಣಿಯಿಂದ ರಾಶಿ ಹಾಕುವ ಯಂತ್ರ ಇಲ್ಲ. ಕ್ರೋಶಾ ಮೆಷಿನ್ ಎಂಬ ಹೆಸರಿನದು ಉಂಟು. ಅದು ಮಾಡುವುದು ನೋಡಲು ಹಾಗೆ ಕಾಣುವ ಬೇರೊಂದು ಹೆಣಿಗೆ. ಆದ್ದರಿಂದ ದೊಡ್ಡ ಅಂಗಡಿಯಲ್ಲಿ ಅಗ್ಗಕ್ಕೆ ತೂಗುಹಾಕಿದ ನಿಜವಾದ ಕ್ರೋಶಾ ಮೇಲಂಗಿಯನ್ನು ಕಂಡಾಗ, ಎಲ್ಲೋ ಒಬ್ಬರು ಕೂತು ಅದನ್ನು ಕೈಯಲ್ಲೇ ಹೆಣೆದಿದ್ದಾರೆ ಎಂದು ತಿಳಿಯಬೇಕು. ಅಗ್ಗವಾದದ್ದು ಯಂತ್ರದಿಂದಲ್ಲ, ಅವರ ಗಂಟೆಗಳನ್ನು ಎಣಿಸದೆ ಬಿಟ್ಟದ್ದರಿಂದ. ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದೇ ನರಸಾಪುರದ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲೇ ಪುಸ್ತಕ ಪ್ರಕಟಿಸಿದ್ದರು. ಅವರು ಹೆಣೆದ ಲೇಸು ವಿದೇಶಕ್ಕೆ ಹೋಗುತ್ತಿತ್ತು. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂಬ ಹೆಸರಿನಲ್ಲಿ ಅವರಿಗೆ ಸಿಗುತ್ತಿದ್ದ ಕೂಲಿ ತೀರ ಅಲ್ಪವಾಗಿತ್ತು. ಓದುವಾಗ ನನಗೆ ಅತ್ತೆಯ "ಹೊತ್ತು ಹೋಗ್ಲಿಕ್ಕೆ" ಎಂಬ ಮಾತು ಕಿವಿಯಲ್ಲಿ ಕೇಳಿಸಿತು.

ಚೇಚಿಯ ಗುಂಪು ವ್ಯಾಪಾರಿಗೆ ಒಪ್ಪಲಿಲ್ಲ. 1,700 ಎಂದು ಚೀಟಿ ಅಂಟಿಸಿ, ಕೆಳಗೆ '40 ಗಂಟೆಯ ಕೈಕೆಲಸ' ಎಂದು ಮಲಯಾಳದಲ್ಲಿ ಬರೆದು ಮಾರಾಟಕ್ಕೆ ಇಟ್ಟರು. ಆ ವರ್ಷ ಹೋದದ್ದು ಏಳೇ ಶಾಲು. ಅದರಿಂದ ಸಂಸಾರ ಸಾಗದು. ಅವರ ಮುಖ್ಯ ಆದಾಯ ಶಾಲಾ ಸಮವಸ್ತ್ರದ ಹೊಲಿಗೆಯಿಂದಲೇ. ಹಾಗೆಂದು 150ರ ಕೆಲಸಕ್ಕೆ ಅವರು ಮತ್ತೆ ಕೈ ಹಾಕಲೂ ಇಲ್ಲ.

2019ರ ಬೇಸಗೆಯಲ್ಲಿ ಶಾಲನ್ನು ಊರಿಗೆ ಒಯ್ದು ಅತ್ತೆಗೆ ಕೊಟ್ಟೆ. ಚೀಟಿಯ ಲೆಕ್ಕವನ್ನೂ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, "ಹಾಗಾದ್ರೆ ಆ ರೇಡಿಯೋದ ಮುಸುಕಿಗೆ ಎಷ್ಟಾದೀತು?" ಎಂದು ಕೇಳಿದರು. ನಾನು ಹೇಳಿದ ಮೊತ್ತ ಕೇಳಿ ನಗಲಿಲ್ಲ. ಎದ್ದು ಹೋಗಿ ಮುಸುಕನ್ನು ತೆಗೆದು, ತೊಳೆದು, ಪೆಟ್ಟಿಗೆಯಲ್ಲಿ ಲಾವಂಚದ ಬೇರಿನ ಜೊತೆ ಇಟ್ಟರು. ಆಟಿ ತಿಂಗಳಲ್ಲಿ ಅವರು ತೀರಿಕೊಂಡಾಗ ಶಾಲಿನ ಅಂಚು ಅರ್ಧವಾಗಿತ್ತು. ತೆರೆದ ಕುಣಿಕೆಯಲ್ಲಿ ಸೇಫ್ಟಿ ಪಿನ್ನು ಇತ್ತು.

ಉಳಿದ ಅಂಚನ್ನು ನಾನೇ ಹಾಕಿದೆ. ನೂಲು ಅದೇ, ಕೊಕ್ಕೆ ಅದೇ, ಚಿಪ್ಪಿನ ಲೆಕ್ಕವೂ ಅದೇ. ಆದರೆ ಒಬ್ಬರ ಕೈಯ ಬಿಗಿ ಇನ್ನೊಬ್ಬರದಾಗುವುದಿಲ್ಲ. ಅತ್ತೆಯ ಚಿಪ್ಪುಗಳು ಸಡಿಲವಾಗಿ ಅರಳಿವೆ, ನನ್ನವು ಸ್ವಲ್ಪ ಮುದುಡಿವೆ. ವಯನಾಡಿಗೆ ಮರಳಿದಾಗ ಚೇಚಿ ಅಂಚಿನುದ್ದಕ್ಕೂ ಬೆರಳಾಡಿಸಿ ಸರಿಯಾಗಿ ಅಲ್ಲೇ ನಿಂತರು. "ಇವಿಡೆ ಕೈ ಮಾರಿಯಲ್ಲೋ." ಬೇರೇನೂ ಕೇಳಲಿಲ್ಲ. ಎಲ್ಲವನ್ನೂ ಬಿಚ್ಚಿ ಒಂದೇ ಸಮ ಮಾಡಬಹುದಿತ್ತು. ಕ್ರೋಶಾ ಬಿಚ್ಚುವುದು ಬಹಳ ಸುಲಭ. ನಾನು ಬಿಚ್ಚಲಿಲ್ಲ.

ಇತ್ತೀಚೆಗೆ ಒಂದು ರಾತ್ರಿ ಕೂತು ಅತ್ತೆಯ ಲೆಕ್ಕವನ್ನೂ ಮಾಡಿದೆ. ದಿನಕ್ಕೆ ಎರಡು ಗಂಟೆಯಂತೆ 40 ವರ್ಷಕ್ಕೆ 29,200 ಗಂಟೆ. ಹಬ್ಬ, ಬಾಣಂತನ, ಜ್ವರ, ನೆಂಟರು ಎಂದು ಅರ್ಧ ಕಳೆದರೂ 14,600. ಇದು ಯಾವ ಖಾತೆಯಲ್ಲೂ ಜಮೆಯಾಗಿಲ್ಲ. ಈ ವಾರ್ಷಿಕವನ್ನು ಓದುವ ನಿಮ್ಮ ಮನೆಗಳಲ್ಲೂ ಇಂಥ ಖಾತೆಗಳಿವೆ, ಕನ್ನಡದ ಮನೆಯಾಗಲಿ ಮಲಯಾಳದ್ದಾಗಲಿ. ಹೆಣೆದವರು ಇನ್ನೂ ಇದ್ದರೆ, ಅವರೆದುರಿಗೇ ಕೂತು ಒಮ್ಮೆ ಎಣಿಸಿರಿ.

ಈಗ ನಾನು ಮತ್ತೆ ಕಾಸರಗೋಡಿನಲ್ಲಿದ್ದೇನೆ. ಧನುಮಾಸದಲ್ಲಿ ತೆಯ್ಯಂ ನೋಡಲು ಹೋದಾಗ ಹೆಗಲಲ್ಲಿ ಶಾಲು ಇರುತ್ತದೆ. ಪಕ್ಕದಲ್ಲಿ ಕೂತವರು ಮುಟ್ಟಿ ನೋಡಿ, ಎಷ್ಟಾಯಿತು ಎಂದು ಕೇಳುತ್ತಾರೆ. ನಲವತ್ತು ಗಂಟೆ ಎನ್ನುತ್ತೇನೆ.