ಜೀರ್ಣೋದ್ಧಾರಕ್ಕೊಂದು ಹಳೆಯ ಕಾರು

ಗುಡಿಗೆ ಜೀರ್ಣೋದ್ಧಾರವೆಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದೇ ಮಾತನ್ನು ಕಾರಿಗೆ ಬಳಸಿದಾಗ ನನ್ನ ಸಹೋದ್ಯೋಗಿ ವಕೀಲರು ನಕ್ಕರು. ಪೆನುಕೊಂಡದ ಬಳಿಯ ಕಿಯಾ ಕಾರ್ಖಾನೆಯಿಂದ 2019ರಿಂದೀಚೆಗೆ ಹೊಸ ಕಾರುಗಳು ಸಾಲುಸಾಲಾಗಿ ಹೊರಬರುತ್ತಿರುವ ಸೀಮೆಯಲ್ಲಿದ್ದುಕೊಂಡು, ಕಾಲು ಶತಮಾನ ಹಳೆಯದಾದ ಕಾರೊಂದನ್ನು ಹುಡುಕಿ ಹೊರಡುವವನನ್ನು ಕಂಡರೆ ನಗು ಬರುವುದು ಸಹಜವೇ.

ನನ್ನ ಕಾರಣ ಬೇರೆಯಾಗಿತ್ತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿರುವ ಮಗಳಿಗೆ ಪಾಲಿಟೆಕ್ನಿಕ್ ಸೇರಿ ಮೆಕ್ಯಾನಿಕಲ್ ಕಲಿಯುವ ಹಂಬಲ. ಅಲ್ಲಿ ಪುಸ್ತಕವೆಲ್ಲ ಇಂಗ್ಲಿಷು, ಸುತ್ತಲಿನ ಮಾತೆಲ್ಲ ತೆಲುಗು. ಯಂತ್ರದ ಪರಿಚಯ ಮೊದಲು ಅವಳ ಕೈಗಾಗಲಿ, ಹೆಸರುಗಳು ಆಮೇಲೆ ಯಾವ ಭಾಷೆಯಲ್ಲಿ ಬಂದರೂ ಹೆದರಿಕೆಯಿರದು ಎಂಬುದು ನನ್ನ ಎಣಿಕೆ. ಮನೆಯವಳು ಒಪ್ಪಿದಳು, ಒಪ್ಪುವಾಗ ಎರಡು ಷರತ್ತು ಹಾಕಿದಳು. ಮಗಳ ಓದಿಗೆಂದು ಅಂಚೆ ಕಚೇರಿಯಲ್ಲಿಟ್ಟ ಹಣವನ್ನು ಮುಟ್ಟಕೂಡದು. ಕಾರಿನ ಬೆಲೆಯೂ ಸೇರಿ ಒಟ್ಟು ವೆಚ್ಚ 1 ಲಕ್ಷ ದಾಟಕೂಡದು.

ನಮ್ಮ ಮುಂದೆ ಬಂದ ಕಾರುಗಳು ಎರಡು. ಹಿಂದೂಪುರದಲ್ಲೇ ಒಂದು ಪ್ರೀಮಿಯರ್ ಪದ್ಮಿನಿ, ಕಲ್ಯಾಣದುರ್ಗದಲ್ಲಿ 1997ರ ಮಾರುತಿ 800. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿಯೆಂದರೆ ನನ್ನ ವಯಸ್ಸಿನವರಿಗೆ ಮದುವೆಯ ದಿಬ್ಬಣ ನೆನಪಾಗುತ್ತದೆ. ಸ್ಟೀರಿಂಗಿನ ಮಗ್ಗುಲಲ್ಲೇ ಗೇರಿನ ಕಡ್ಡಿ, 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಮಾರಾಟಕ್ಕಿದ್ದುದಕ್ಕೆ ಹೊಸದಾಗಿ ಕೆನೆಬಣ್ಣ ಬಳಿದಿದ್ದರು, ಬೆಲೆ 70,000. ಮಾರುತಿಯೋ ಎರಡು ವರ್ಷದಿಂದ ಹುಣಸೆಮರದ ಕೆಳಗೆ ನಿಂತಿತ್ತು. ಅದರ ಬಣ್ಣ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತಿತ್ತು, ಟೈರುಗಳಲ್ಲಿ ಗಾಳಿಯಿರಲಿಲ್ಲ. ಬೆಲೆ 35,000.

ಕಣ್ಣು ಪದ್ಮಿನಿಯ ಮೇಲೆ ಹೋದದ್ದು ನಿಜ. ಆದರೆ ನಾನು ಬಾನೆಟ್ ಎತ್ತುವ ಮೊದಲು ಆರ್‌ಸಿ ಕೇಳುವವನು. ಅದು ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಯಜಮಾನರ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 56ನೆಯ ನಿಯಮ ಹೇಳುತ್ತದೆ. ಇಲ್ಲಿ ಅದಾವುದೂ ಆಗಿರಲಿಲ್ಲ. ಮಕ್ಕಳು ನಾಲ್ವರು, ಅವರಲ್ಲೊಬ್ಬರು ವಿದೇಶದಲ್ಲಿ. ಕಾರಿನ ನೋಂದಣಿಯ ಆಯುಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಪದ್ಮಿನಿಗೆ ಒಂದು ನವೀಕರಣವೂ ಆಗಿರಲಿಲ್ಲ. "ಹಾಗೇ ಓಡಿಸಿಕೊಳ್ಳಿ ಸಾರ್, ಯಾರು ಕೇಳ್ತಾರೆ?" ಎಂದರು ದಲ್ಲಾಳಿ. ಕೇಳುವವರು ಅಪಘಾತವಾದ ದಿನ ಬರುತ್ತಾರೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಕಾರು ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲ ಮಾಲೀಕನ ಹೆಸರಿನಲ್ಲೇ ಉಳಿದಿತ್ತು. ಪರಿಹಾರದ ಹೊಣೆ ಆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಆದ್ದರಿಂದ ಕೊಳ್ಳುವವರಷ್ಟೇ ಮಾರುವವರೂ ಎಚ್ಚರದಿಂದಿರಬೇಕಾದ ವ್ಯವಹಾರ ಇದು. ನಮ್ಮ ಓದುಗರಲ್ಲಿ ಯಾರಾದರೂ ಹಳೆಯ ಬೈಕನ್ನೋ ಕಾರನ್ನೋ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟಿದ್ದರೆ ಇಂದೇ ವಿಚಾರಿಸಿಕೊಳ್ಳುವುದು ಒಳಿತು.

"ಹಳೆಯದಲ್ಲವೆ, ವಿಂಟೇಜ್ ಎಂದು ಮಾಡಿಸಿದರಾಯಿತು" ಎಂಬ ಸಲಹೆಯೂ ಬಂತು. 2021ರ ನಿಯಮದಂತೆ ಆ ಗೌರವ ಸಲ್ಲುವುದು 50 ವರ್ಷ ದಾಟಿದ ವಾಹನಕ್ಕೆ; ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಹಾಗೆ ನೋಂದಾಯಿಸಿದ ಮೇಲೂ ಅದನ್ನು ದಿನನಿತ್ಯ ಓಡಿಸುವಂತಿಲ್ಲ.

ಕಾಗದದ ಬಳಿಕ ಮೈ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ತಗಡನ್ನು ಕತ್ತರಿಸಿ ಬೆಸೆಯುವ ಟಿಂಕರ್ ಕೆಲಸ ಹೊಸಬರ ಕೈಗೆ ದಕ್ಕುವುದಿಲ್ಲ, ಅದರ ಖರ್ಚಿಗೂ ಲೆಕ್ಕವಿರುವುದಿಲ್ಲ. ಮಗಳು ಅಯಸ್ಕಾಂತದ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಪದ್ಮಿನಿಯ ಬಾಗಿಲುಗಳ ಕೆಳಗಂಚಿನಲ್ಲಿ ಅದು ಅಂಟಲೇ ಇಲ್ಲ: ಕೆನೆಬಣ್ಣದ ಅಡಿಯಲ್ಲಿದ್ದುದು ತಗಡಲ್ಲ, ದಪ್ಪನೆಯ ಪುಟ್ಟಿ. ಕಲ್ಯಾಣದುರ್ಗದಲ್ಲಿ ಆ ಸುಣ್ಣದ ಬಣ್ಣದ ಮೇಲೆ ಅದು ಎಲ್ಲೆಲ್ಲೂ ಕಚ್ಚಿಕೊಂಡಿತು. ಕಾಲಿನ ಕೆಳಗಿನ ಮ್ಯಾಟ್ ಎತ್ತಿ ನೋಡಿದೆವು, ಬ್ಯಾಟರಿಯ ಅಡಿಯನ್ನೂ ಸ್ಟೆಪ್ನಿಯ ಗುಂಡಿಯನ್ನೂ ನೋಡಿದೆವು. ಬ್ಯಾಟರಿಯ ಕೆಳಗೆ ಅಂಗೈಯಗಲ ತುಕ್ಕು ಬಿಟ್ಟರೆ ಉಳಿದದ್ದು ಗಟ್ಟಿ. ಮಳೆಗೆ ಬರವಿರುವ ನಮ್ಮ ಸೀಮೆ ಬೆಳೆಗೆ ಶತ್ರು, ತಗಡಿಗೆ ಮಾತ್ರ ಮಿತ್ರ. ಕಾಸರಗೋಡಿನ ಉಪ್ಪುಗಾಳಿಯಲ್ಲಿ ಇದೇ ಕಾರು ಇಷ್ಟು ವರ್ಷ ಹೀಗೆ ಉಳಿಯುತ್ತಿತ್ತೆ ಎಂಬುದು ನನಗೆ ಸಂದೇಹ. ನೆಲದಲ್ಲಿ ಕೊರೆದ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಮಗಳು ಗಟ್ಟಿಯಾಗಿ ಓದಿದಳು, ನಾನು ಆರ್‌ಸಿಯೊಡನೆ ತಾಳೆ ನೋಡಿದೆ. 2012, 2017, 2022 ಮೂರು ಸಲವೂ ತಪ್ಪದೆ ನವೀಕರಣವಾಗಿತ್ತು.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ. ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋದರೆ ನಡುವೆ ಕರ್ನಾಟಕವನ್ನು ಹೊಕ್ಕು ಹೊರಬರಬೇಕು. ಆ ದಾರಿಯಲ್ಲಿ ಕೆಎ ಫಲಕದ ಅಗ್ಗದ ಕಾರುಗಳು ಹಲವು ಕಣ್ಣಿಗೆ ಬೀಳುತ್ತವೆ. ಹೊರರಾಜ್ಯದ ವಾಹನ 12 ತಿಂಗಳು ಮೀರಿ ಇಲ್ಲಿ ಉಳಿದರೆ ಹೊಸ ನಂಬರು ಪಡೆಯಬೇಕು, ಅಲ್ಲಿಯ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅಗ್ಗವೆಂದದ್ದು ಅಲ್ಲಿಗೆ ಮುಗಿಯಿತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದರೂ ರಾಜ್ಯ ಒಂದೇ ಆದ್ದರಿಂದ ಈ ಎಪಿ-02 ಮಾರುತಿಗೆ ಆ ಕಾಟವಿರಲಿಲ್ಲ.

ಮಾರುತಿಯನ್ನೇ ತಂದೆವು. ಅಪರೂಪದ ಕಾರಿಗೆ ಮನಸೋಲುವವರಿಗೆ ನಾನು ಹೇಳುವುದಿಷ್ಟೆ: ಮೊದಲ ಕಾರು ಊರಿನ ಪ್ರತಿ ಗ್ಯಾರೇಜಿಗೂ ಗೊತ್ತಿರುವ ಕಾರಾಗಿರಲಿ. ಪದ್ಮಿನಿಯ ಸಣ್ಣ ಬಿಡಿಭಾಗಕ್ಕೂ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕಾಗುತ್ತಿತ್ತು, 1983ರಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800ರ ಸಾಮಾನು ಹಿಂದೂಪುರದಲ್ಲೇ ಸಿಗುತ್ತದೆ. ಎಂಜಿನ್ 796 ಸಿಸಿ, ಮೂರೇ ಸಿಲಿಂಡರು, ಮೂರೇ ಪ್ಲಗ್ಗು. ಇದು ಕಾರ್ಬುರೇಟರ್ ಕಾಲದ್ದಾದ್ದರಿಂದ ಕಂಪ್ಯೂಟರ್ ಹಚ್ಚಿ ಓದಿಸುವ ಗೋಜಿಲ್ಲ. ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿದಾಗ ಒತ್ತಡ ಕುಸಿದು ಪೆಟ್ರೋಲು ಮೇಲೇರುವುದನ್ನು ಮಗಳು ಕಾರ್ಬುರೇಟರ್ ಬಿಚ್ಚಿ ಕೈಯಲ್ಲಿ ಹಿಡಿದು ಅರ್ಥಮಾಡಿಕೊಂಡಳು. ತನ್ನ ನೋಟುಬುಕ್ಕಿನಲ್ಲಿ ಅದಕ್ಕೆ "ಗಾಳಿಯ ಗಂಟಲು" ಎಂದು ಬರೆದುಕೊಂಡು, ಪಕ್ಕದಲ್ಲಿ ಇಂಗ್ಲಿಷ್ ಹೆಸರನ್ನೂ ಗ್ಯಾರೇಜಿನವರು ಕರೆಯುವ ಹೆಸರನ್ನೂ ಸೇರಿಸಿದ್ದಾಳೆ. ಪಟ್ಟಿ ಎಂಟು ಪುಟಕ್ಕೆ ಬಂದಿದೆ.

ನಿಂತ ಕಾರನ್ನು ಒಮ್ಮೆಲೇ ಚಾಲೂ ಮಾಡಬಾರದು. ಗ್ಯಾರೇಜಿನ ಹಿರಿಯರು ಮೊದಲು ಟೈಮಿಂಗ್ ಬೆಲ್ಟ್ ಬದಲಿಸಿಸಿದರು, ಆಮೇಲೆ ಪ್ಲಗ್ಗಿನ ತೂತುಗಳಲ್ಲಿ ಒಂದಿಷ್ಟು ಆಯಿಲ್ ಬಿಟ್ಟು ಎಂಜಿನ್ನನ್ನು ಕೈಯಿಂದಲೇ ತಿರುಗಿಸಿದರು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಕೆಡಿಸುವುದರಿಂದ ಪೆಟ್ರೋಲ್ ಪೈಪುಗಳೂ ಬದಲಾದವು. ಬ್ರೇಕಿಗೆ ಮಾತ್ರ ಮಗಳನ್ನಾಗಲಿ ನನ್ನನ್ನಾಗಲಿ ಅವರು ಕೈಹಾಕಲು ಬಿಡಲಿಲ್ಲ. ಪಕ್ಕದಲ್ಲಿ ನಿಂತು ನೋಡಿರೆಂದರು.

ಇದುವರೆಗಿನ ಲೆಕ್ಕ, ವರ್ಗಾವಣೆ ಮತ್ತು ವಿಮೆಯೂ ಸೇರಿ, 81,400. ಉಳಿದದ್ದರಲ್ಲಿ 2027ರ ನವೀಕರಣಕ್ಕೆ ತೆಗೆದಿಡಬೇಕು. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಲ್ಲಿ 5,000ಕ್ಕೇರಿತು, 20 ವರ್ಷ ಮೀರಿದ ಕಾರುಗಳಿಗೆ ಈಗ ಅದಕ್ಕಿಂತಲೂ ಹೆಚ್ಚು. ಹಾಗಾಗಿ ಬಣ್ಣಕ್ಕೆ ಸದ್ಯ ಹಣವಿಲ್ಲ. ಪರೀಕ್ಷೆ ಮುಗಿದ ಮೇಲೆ ಉಪ್ಪುಕಾಗದ ಹಿಡಿದು ತಾನೇ ಉಜ್ಜುವೆನೆಂದು ಮಗಳು ಹೇಳಿದ್ದಾಳೆ. ಅಲ್ಲಿಯವರೆಗೆ ಕಾರು ಸುಣ್ಣದ ಬಣ್ಣದಲ್ಲೇ ಶಾಲೆಯ ಬೀದಿಯಲ್ಲಿ ಓಡಾಡುತ್ತದೆ.